ಶ್ರೀರಾಂಪುರದ ಚಳಿ, ಹಿತ್ತಲಿನ ಕೋಳಿ

ಮೈಸೂರಿನ ಚಳಿಯನ್ನು ಚಳಿ ಎಂದು ಒಪ್ಪಿಕೊಳ್ಳದವರು ಬಹಳ ಮಂದಿ ಇದ್ದಾರೆ. ದೆಹಲಿಯಲ್ಲಿ ನೌಕರಿ ಮಾಡಿ ಬಂದವರು ನಕ್ಕುಬಿಡುತ್ತಾರೆ. ಅಮೆರಿಕದ ಮಿನೆಸೋಟದಲ್ಲಿರುವ ನನ್ನ ಮಗಳಂತೂ ಫೋನಿನಲ್ಲಿ ನನ್ನ ಮುಖ ಕಂಡೊಡನೆ, ‘ಅಪ್ಪಾ, ಇಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದೆ. ನೀವು ಹದಿನಾಲ್ಕು ಡಿಗ್ರಿಗೇ ಮಫ್ಲರ್ ಸುತ್ತಿಕೊಂಡು ಕೂತಿದ್ದೀರಲ್ಲ’ ಎನ್ನುತ್ತಾಳೆ. ಅವಳ ಮಾತು ಸರಿಯೇ. ಆದರೆ ಡಿಸೆಂಬರ್ ಕೊನೆಯ ವಾರ, ಬೆಳಿಗ್ಗೆ ಆರು ಗಂಟೆಗೆ, ನಮ್ಮ ಶ್ರೀರಾಂಪುರದ ಲಿಂಗಾಂಬುಧಿ ಕೆರೆಯ ದಡದಲ್ಲಿ ಒಂದು ಸುತ್ತು ಹಾಕಿದವರು ನನ್ನ ಮಫ್ಲರನ್ನು ಹಾಸ್ಯ ಮಾಡಲಾರರು. ನೀರಿನ ಮೇಲೆ ಬಿಳಿಯ ಮಂಜು ಹಾಸಿಕೊಂಡಿರುತ್ತದೆ. ಪೂರ್ವಕ್ಕೆ ಚಾಮುಂಡಿಬೆಟ್ಟ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಕಿವಿಯ ತುದಿ ಮರಗಟ್ಟುತ್ತದೆ. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಇಪ್ಪತ್ತೆಂಟು ಡಿಗ್ರಿ ಬಿಸಿಲು! ನಮ್ಮೂರಿನ ಚಳಿಗಾಲದ ಗುಣ ಇದು. ರಾತ್ರಿಗೂ ಹಗಲಿಗೂ ಹದಿಮೂರು ಹದಿನಾಲ್ಕು ಡಿಗ್ರಿ ಅಂತರ.

ಈ ಅಂತರದ ಲೆಕ್ಕ ನನಗೆ ಚೆನ್ನಾಗಿ ಗೊತ್ತಿರುವುದಕ್ಕೆ ಕಾರಣ ನಮ್ಮ ಹಿತ್ತಲಿನಲ್ಲಿರುವ ಎಂಟು ಹೇಂಟೆ, ಒಂದು ಹುಂಜ.

ಊರು ನಗರವಾದದ್ದು

ಶ್ರೀರಾಂಪುರ ಮೈಸೂರಿನ ದಕ್ಷಿಣ ದಿಕ್ಕಿಗಿದೆ. ಮಾನಂದವಾಡಿ ರಸ್ತೆ ಹಿಡಿದು ಅಶೋಕಪುರಂ ಕಡೆಯಿಂದ ಬಂದರೆ, ವರ್ತುಲ ರಸ್ತೆ ಸಿಗುವುದಕ್ಕೆ ಮೊದಲೇ ನಮ್ಮ ಬಡಾವಣೆಗಳು ಶುರುವಾಗುತ್ತವೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಹೆಗ್ಗಡದೇವನಕೋಟೆ, ಅಲ್ಲಿಂದಾಚೆ ನಾಗರಹೊಳೆಯ ಕಾಡು, ಆಮೇಲೆ ಕೇರಳ. ನಾನು 1991ರಲ್ಲಿ ಸಾಲ ಮಾಡಿ ಇಲ್ಲಿ ಮನೆ ಕಟ್ಟಿದಾಗ ಎದುರಿಗೆ ರಾಗಿ ಹೊಲ, ಹಿಂದೆ ಹುರುಳಿ ಹೊಲ. ಹಳೇ ಊರಿನ ಹೆಂಚಿನ ಮನೆಗಳ ಕೋಳಿಗಳು ನಮ್ಮ ಅಡಿಪಾಯದ ಮರಳನ್ನೆಲ್ಲ ಕೆದರಿ ಮಣ್ಣಿನ ಸ್ನಾನ ಮಾಡುತ್ತಿದ್ದವು. ಈಗ ಹೊಲಗಳಿಲ್ಲ. ಗ್ರಾಮ ಪಂಚಾಯಿತಿ ಇದ್ದದ್ದು ಪಟ್ಟಣ ಪಂಚಾಯಿತಿಯಾಯಿತು. ಮೂರು ಮಹಡಿಯ ಮನೆಗಳು, ಬೇಕರಿಗಳು, ಟ್ಯೂಷನ್ ಬೋರ್ಡುಗಳು ಬಂದವು.

ಉಳಿದುಕೊಂಡದ್ದು ಕೆರೆ. ಲಿಂಗಾಂಬುಧಿ ಕೆರೆಯನ್ನು 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದರು. ಸುಮಾರು ಇನ್ನೂರು ವರ್ಷದ ಕೆರೆ. ಚಳಿಗಾಲ ಬಂದರೆ ಇಲ್ಲಿಗೆ ಬಾತುಗಳು, ಉಲ್ಲಂಕಿಗಳು ದೂರದಿಂದ ಬರುತ್ತವೆ. ಕ್ಯಾಮೆರಾ ಹಿಡಿದ ಯುವಕರು ಅವುಗಳ ಹಿಂದೆ ಬರುತ್ತಾರೆ. ಕೋಳಿ ಸಾಕುವವನಿಗೆ ಈ ಕೆರೆ ಪಕ್ಕದಲ್ಲಿರುವುದು ಒಂದು ಸಂತೋಷ, ಒಂದು ಆತಂಕ. ಅದನ್ನು ಮುಂದೆ ಹೇಳುತ್ತೇನೆ.

ಸಾಲದ ಪುಸ್ತಕದಿಂದ ಹಿತ್ತಲಿಗೆ

ಕೋಳಿಯ ಪರಿಚಯ ನನಗೆ ಮೊದಲು ಆದದ್ದು ಲೆಡ್ಜರಿನಲ್ಲಿ. 1980ರಲ್ಲಿ ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮ ದೇಶದ ಎಲ್ಲ ತಾಲ್ಲೂಕುಗಳಿಗೂ ಬಂತು. ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾಗಿದ್ದ ನಾನು ಆಗ ಒಂದು ಹಳ್ಳಿ ಶಾಖೆಯಲ್ಲಿದ್ದೆ. ಹಸು, ಕುರಿ, ಕೋಳಿ, ಹೊಲಿಗೆ ಯಂತ್ರ, ಎಲ್ಲಕ್ಕೂ ಸಾಲ. ಕೋಳಿ ಸಾಲ ಪಡೆದ ಹೆಂಗಸರು ಸೆರಗಿನ ಗಂಟಿನಲ್ಲಿ ಚಿಲ್ಲರೆ ಕಟ್ಟಿಕೊಂಡು ಕಂತು ಕಟ್ಟಲು ಬರುತ್ತಿದ್ದರು. ಒಂದು ಚಳಿಗಾಲ ಇದ್ದಕ್ಕಿದ್ದಂತೆ ಬರುವುದು ನಿಂತಿತು. ವಿಚಾರಿಸಿದರೆ ಒಬ್ಬಾಕೆ, ‘ಕೊಕ್ಕರೆ ರೋಗ ಬಂತು ಸ್ವಾಮಿ, ವಾರದಲ್ಲಿ ಗೂಡು ಬರಿದಾಯ್ತು. ಇನ್ನೇನು ಕಟ್ಟಾನ?’ ಎಂದರು. ನಾನು ಲೆಡ್ಜರಿನಲ್ಲಿ ‘ಬಾಕಿ’ ಎಂದು ಬರೆದೆ. ಆ ಒಂದು ಪದದ ಹಿಂದೆ ಒಂದು ಮನೆಯ ಎಣ್ಣೆ, ಉಪ್ಪು, ಮಗುವಿನ ಪಾಟಿಚೀಲ ಎಲ್ಲ ಇತ್ತು.

ಕೊಕ್ಕರೆ ರೋಗವನ್ನು ಇಂಗ್ಲಿಷಿನಲ್ಲಿ ನ್ಯೂಕ್ಯಾಸಲ್ ರೋಗ ಎನ್ನುತ್ತಾರೆ. 1926ರಲ್ಲಿ ಇಂಗ್ಲೆಂಡಿನ ಆ ಊರಿನಲ್ಲಿ ಗುರುತಿಸಿದ್ದರಿಂದ ಆ ಹೆಸರು. ನಮ್ಮ ದೇಶದಲ್ಲಿ ಕುಮಾವೂ ಬೆಟ್ಟಗಳ ರಾಣಿಖೇತಿನಲ್ಲಿ ಕಂಡದ್ದರಿಂದ ರಾಣಿಖೇತ್ ರೋಗ. ಬಂದ ಮೇಲೆ ಮದ್ದಿಲ್ಲ, ಬಾರದ ಹಾಗೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡು ತಿಂಗಳ ಹೊತ್ತಿಗೆ ಒಂದು ಚುಚ್ಚುಮದ್ದು. ಇದರಲ್ಲಿ ಒಂದು ತೊಡಕೂ ಉಂಟು. ಲಸಿಕೆಯ ಒಂದು ಸಣ್ಣ ಸೀಸೆ ನೂರು ಕೋಳಿಗೆ ಸಾಕಾಗುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಎಂಟು ಕೋಳಿ ಇರುವವನು ಏನು ಮಾಡಬೇಕು? ನಮ್ಮ ಬೀದಿಯ ಉಪಾಯವೆಂದರೆ ಐದಾರು ಮನೆಯವರು ಸೇರಿ ಒಂದೇ ದಿನ ಹಾಕಿಸುವುದು. ಆ ದಿನ ನಮ್ಮ ಗೇಟಿನ ಮುಂದೆ ಮಂಕರಿ, ರಟ್ಟಿನ ಪೆಟ್ಟಿಗೆ, ಅಕ್ಕಿ ಚೀಲ ಹಿಡಿದವರ ಸಾಲು. ಹಳೆಯ ಸಾಲ ಮೇಳದ ನೆನಪಾಗುತ್ತದೆ.

ನಾನು ನಿವೃತ್ತನಾದ ವರ್ಷ ನನ್ನ ಹೆಂಡತಿ ನಾಲ್ಕು ನಾಟಿ ಮರಿ ತಂದು ಬಿಟ್ಟಳು. ‘ನೀವು ಬೆಳಿಗ್ಗೆ ಎದ್ದು ಪೇಪರ್ ಓದಿ ಮತ್ತೆ ಮಲಗುವ ಬದಲು ಇವಕ್ಕೆ ನೀರಿಡಿ’ ಎಂದಳು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುತ್ತೇವೆ, ಮಾಂಸ ತಿನ್ನುವುದಿಲ್ಲ. ಹೀಗಾಗಿ ನಮ್ಮ ಕೋಳಿಗಳಿಗೂ ನಿವೃತ್ತಿ ವೇತನ ಉಂಟು. ಹೆಚ್ಚಾದ ಹುಂಜಗಳನ್ನು ಮಾತ್ರ ಹಳೇ ಊರಿನ ಅಜ್ಜಿಯ ಮನೆಗೆ ಕೊಡುತ್ತಿದ್ದೆವು. ಅಲ್ಲಿ ಏನಾಗುತ್ತದೆಂದು ನಾವು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಗರಿಯೊಳಗಿನ ಒಲೆ

ಮಕ್ಕಳೇ, ಕೋಳಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದೀರಾ? ಹಿಡಿದವರಿಗೆ ಗೊತ್ತು, ಅದು ಸಣ್ಣ ಒಲೆಯ ಹಾಗೆ. ನಮ್ಮ ಮೈ ಶಾಖ 37 ಡಿಗ್ರಿ. ಕೋಳಿಯದು 41ರಿಂದ 42 ಡಿಗ್ರಿ. ನಮಗೆ ಅಷ್ಟಾದರೆ ಆಸ್ಪತ್ರೆಗೆ ಓಡಬೇಕು, ಅದಕ್ಕೆ ಅದೇ ಆರೋಗ್ಯ. ಈ ಶಾಖವನ್ನು ಹೊರಗೆ ಬಿಡದಂತೆ ಹಿಡಿದಿಡುವುದು ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿ. ಚಳಿ ಹೆಚ್ಚಾದಾಗ ಕೋಳಿ ಗರಿಯನ್ನೆಲ್ಲ ಉಬ್ಬಿಸಿಕೊಂಡು ಹತ್ತಿಯ ಉಂಡೆಯಂತಾಗುತ್ತದೆ. ಕತ್ತನ್ನು ಹಿಂದಕ್ಕೆ ಹೊರಳಿಸಿ ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸುತ್ತದೆ. ಗರಿಯಿಲ್ಲದ ಕಾಲಿನ ಮೇಲೆ ಕುಕ್ಕರಿಸಿ ಹೊಟ್ಟೆಯ ಗರಿಯಿಂದ ಬೆರಳು ಮುಚ್ಚುತ್ತದೆ. ಅದಕ್ಕೇ ಗೂಡಿನಲ್ಲಿ ಕೂರಲು ಹಾಕುವ ಪಟ್ಟಿ ಅಗಲವಾಗಿ ಚಪ್ಪಟೆಯಾಗಿರಬೇಕು. ತೆಳ್ಳಗಿನ ಕಬ್ಬಿಣದ ಸರಳು ಹಾಕಿದರೆ ಬೆರಳು ಹೊರಗೇ ಉಳಿಯುತ್ತದೆ, ಕಬ್ಬಿಣದ ತಣ್ಣಗೂ ತಾಗುತ್ತದೆ.

ಮೊದಲ ಚಳಿಗಾಲದಲ್ಲಿ ಗೂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತೋಣವೇ ಎಂದು ನಾವು ಮಾತಾಡುತ್ತಿದ್ದಾಗ ಹಳೇ ಊರಿನ ಅಜ್ಜಿ ಬಂದರು. ನನಗಿಂತ ಹತ್ತು ವರ್ಷ ಹಿರಿಯರು. ಗೂಡಿನೊಳಕ್ಕೆ ಕೈ ಹಾಕಿ ಹೊಟ್ಟನ್ನು ಹಿಡಿದು ಹಿಂಡಿ ನೋಡಿದರು. ‘ಚಳಿ ಕೊಲ್ಲಕಿಲ್ಲ ಕಣಣ್ಣ, ತ್ಯಾವ ಕೊಲ್ತದೆ. ನೀವು ಹಿಂಗೆ ಸುತ್ತಿ ಕಟ್ಟುದ್ರೆ ಅವುಗಳ ಉಸುರೇ ಒಳಗೆ ನೀರಾಯ್ತದೆ’ ಎಂದರು. ಪ್ಲಾಸ್ಟಿಕ್ ಹಾಳೆ ಮಡಿಸಿಟ್ಟೆವು.

ಅವರ ಮಾತನ್ನು ಆಮೇಲೆ ಪಶುವೈದ್ಯರೂ ತಮ್ಮ ಭಾಷೆಯಲ್ಲಿ ಹೇಳಿದರು. ರಾತ್ರಿಯೆಲ್ಲ ಕೋಳಿಗಳ ಉಸಿರಿನಿಂದ, ಹಿಕ್ಕೆಯಿಂದ ಗೂಡಿನೊಳಗೆ ತೇವ ಏರುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಅದು ಕಣ್ಣು, ಶ್ವಾಸಕೋಶ ಎರಡನ್ನೂ ಕೆಡಿಸುತ್ತದೆ. ಒದ್ದೆಯಾದ ಗರಿಯಲ್ಲಿ ಗಾಳಿ ನಿಲ್ಲುವುದಿಲ್ಲ. ಅಂದಮೇಲೆ ಕೋಳಿಯ ಕಂಬಳಿಯೇ ಹೋದ ಹಾಗೆ. ಆದ್ದರಿಂದ ನಮ್ಮ ಗೂಡಿಗೆ ಕೋಳಿಗಳ ತಲೆಗಿಂತ ಮೇಲೆ, ಸೂರಿನ ಕೆಳಗೆ, ಒಂದು ಗೇಣು ಅಗಲದ ಜಾಲರಿ ಬಿಟ್ಟಿದ್ದೇವೆ. ಕೋಳಿ ಕೂರುವ ಮಟ್ಟದಲ್ಲಿ ಮಾತ್ರ ಗಾಳಿ ಬೀಸದಂತೆ ಗೋಣಿಚೀಲ ಇಳಿಬಿಟ್ಟಿದ್ದೇವೆ. ನೆಲಕ್ಕೆ ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ. ಅದನ್ನು ದಿನ ಬಿಟ್ಟು ದಿನ ಕೆದಕುತ್ತೇವೆ. ಸಂಜೆ ಐದಕ್ಕೆ ಒಂದೊಂದು ಹಿಡಿ ರಾಗಿ, ನುಚ್ಚು. ಕಾಳು ಹೊಟ್ಟೆಯಲ್ಲಿ ನಿಧಾನವಾಗಿ ಅರಗುವಾಗ ಮೈಯೂ ಬೆಚ್ಚಗಿರುತ್ತದೆ. ಬೆಳಿಗ್ಗೆ ಮೊದಲ ನೀರು ಉಗುರುಬೆಚ್ಚಗೆ.

ಮಿನೆಸೋಟದಲ್ಲಿ ಮಗಳ ಪಕ್ಕದ ಮನೆಯವರೂ ಕೋಳಿ ಸಾಕಿದ್ದಾರಂತೆ. ಹಿಮದ ನಡುವೆ! ಅಲ್ಲಿ ಕುಡಿಯುವ ನೀರು ಕಲ್ಲಾಗುತ್ತದೆ, ದೊಡ್ಡ ಜುಟ್ಟಿನ ಹುಂಜದ ಜುಟ್ಟಿನ ತುದಿ ಚಳಿಗೆ ಕರ್ರಗೆ ಸತ್ತುಹೋಗುತ್ತದೆ. ಅದಕ್ಕಾಗಿ ಸಣ್ಣ ಜುಟ್ಟಿನ ತಳಿಗಳನ್ನೇ ಆರಿಸುತ್ತಾರೆ. ಅವರೂ ಮೊದಲು ಹೇಳುವ ಮಾತು ಒಂದೇ: ಗೂಡು ಒಣಗಿರಲಿ, ಮೇಲೆ ಗಾಳಿಯಾಡಲಿ. ಅಜ್ಜಿ ಮೈಸೂರು ಜಿಲ್ಲೆ ದಾಟಿದವರಲ್ಲ. ಅವರ ಮಾತು ಮಾತ್ರ ಮಿನೆಸೋಟಕ್ಕೂ ಸಲ್ಲುತ್ತದೆ.

ಮೊಟ್ಟೆ ಏಕೆ ಕಡಿಮೆ?

ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಗುವುದು ಚಳಿಯಿಂದ ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಪಾಲು ಕಾರಣ ಬೆಳಕು. ಕೋಳಿಯ ಮಿದುಳು ಹಗಲಿನ ಉದ್ದವನ್ನು ಅಳೆಯುತ್ತದೆ. ಚೆನ್ನಾಗಿ ಮೊಟ್ಟೆ ಇಡಲು ಅದಕ್ಕೆ ಹದಿನಾಲ್ಕು ಗಂಟೆಯಷ್ಟು ಬೆಳಕು ಬೇಕು. ಡಿಸೆಂಬರಿನ ಕೊನೆಗೆ ಮೈಸೂರಿನ ಹಗಲು ಸುಮಾರು ಹನ್ನೊಂದೂವರೆ ಗಂಟೆ, ಜೂನಿನಲ್ಲಿ ಹದಿಮೂರಕ್ಕೆ ಸ್ವಲ್ಪ ಕಡಿಮೆ. ನಾವು ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ವ್ಯತ್ಯಾಸ ಒಂದೂವರೆ ಗಂಟೆಯ ಒಳಗೇ. ಮಿನೆಸೋಟದಲ್ಲಿ ಚಳಿಗಾಲದ ಹಗಲು ಒಂಬತ್ತು ಗಂಟೆಗೆ ಮುಗಿದುಹೋಗುತ್ತದೆ, ಅಲ್ಲಿ ಮೊಟ್ಟೆ ಪೂರ್ತಿ ನಿಂತುಬಿಡುವುದೂ ಉಂಟು. ದೊಡ್ಡ ಫಾರಂಗಳಲ್ಲಿ ದೀಪ ಹಚ್ಚಿ ಹಗಲನ್ನು ಉದ್ದ ಮಾಡುತ್ತಾರೆ. ನಾವು ಮಾಡುವುದಿಲ್ಲ. ಹಳೆಯ ಗರಿ ಉದುರಿಸಿ ಹೊಸದು ತೊಡುವ ಕಾಲವೂ ಅದೇ ಆದ್ದರಿಂದ ಕೋಳಿಗೂ ರಜೆ ಬೇಕು. ಒಂದು ಮೊಟ್ಟೆ ಒಳಗೆ ತಯಾರಾಗಲು ಇಪ್ಪತ್ತೈದು ಗಂಟೆ ಹಿಡಿಯುತ್ತದೆ, ಅದರಲ್ಲಿ ಇಪ್ಪತ್ತು ಗಂಟೆ ಬರೀ ಚಿಪ್ಪಿಗೇ ಹೋಗುತ್ತದೆ. ಸಣ್ಣ ಕೆಲಸವಲ್ಲ.

ನಮ್ಮ ಹುಂಜ ಬೆಳಗಿನ ನಾಲ್ಕಕ್ಕೆ ಕೂಗುತ್ತದೆ. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ, ‘ಅಂಕಲ್, ಇನ್ನೂ ಕತ್ತಲೆ ಇದೆ, ಅದಕ್ಕೆ ಹೇಗೆ ಗೊತ್ತಾಗುತ್ತೆ?’ ಎಂದು ನೊಂದುಕೊಂಡು ಕೇಳಿದ. ಇದಕ್ಕೆ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಉತ್ತರ ಕೊಟ್ಟರು. ಹುಂಜಗಳನ್ನು ಮಂದ ಬೆಳಕಿನಲ್ಲೇ ಇಟ್ಟರೂ ಅವು ಬೆಳಗಿನ ಹೊತ್ತನ್ನು ತಾವೇ ಲೆಕ್ಕ ಹಾಕಿ ಕೂಗಿದವು. ಗಡಿಯಾರ ಅವುಗಳ ಮೈಯೊಳಗೇ ಇದೆ. ಎರಡು ವರ್ಷದ ನಂತರ ಅವರೇ ಇನ್ನೊಂದು ಸಂಗತಿ ಕಂಡುಕೊಂಡರು. ಒಂದು ಗುಂಪಿನಲ್ಲಿ ಮೊದಲು ಕೂಗುವ ಹಕ್ಕು ಅತ್ಯಂತ ಬಲಶಾಲಿ ಹುಂಜಕ್ಕೆ. ಉಳಿದವು ತಮ್ಮ ತಮ್ಮ ದರ್ಜೆಯ ಪ್ರಕಾರ ಅನಂತರ. ಬ್ಯಾಂಕಿನಲ್ಲಿ ಮ್ಯಾನೇಜರು ಕೆಮ್ಮಿದ ಮೇಲೆ ನಾವು ಕೆಮ್ಮುತ್ತಿದ್ದ ಹಾಗೆ! ಹುಡುಗನ ಪರೀಕ್ಷೆ ಇರುವ ವಾರಗಳಲ್ಲಿ ನಾವು ಹುಂಜವನ್ನು ಕತ್ತಲೆ ಕೋಣೆಯಲ್ಲಿ ತಗ್ಗಿನ ಬುಟ್ಟಿಯ ಕೆಳಗೆ ಮಲಗಿಸುತ್ತೇವೆ. ಕತ್ತು ನೀಳವಾಗಿ ಎತ್ತಲಾಗದಿದ್ದರೆ ದನಿ ಅಷ್ಟು ಜೋರಾಗುವುದಿಲ್ಲ.

ಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ನಮ್ಮ ಹೇಂಟೆಗಳ ಹಳದಿ ಕಾಲು ನೋಡಿದಾಗಲೆಲ್ಲ ನನಗೆ ಮಾನಂದವಾಡಿ ರಸ್ತೆಯ ಆ ತುದಿ ನೆನಪಾಗುತ್ತದೆ. ಹಳದಿ ಚರ್ಮದ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ಸಾಧಿಸಿ ತೋರಿಸಿದರು. ಆ ಬೂದು ಕಾಡುಕೋಳಿ ನಾಗರಹೊಳೆ, ಬಂಡೀಪುರದ ರಸ್ತೆ ಬದಿಯಲ್ಲಿ ಇಂದಿಗೂ ಕಾಣಸಿಗುತ್ತದೆ. ಲೋಕದಲ್ಲಿ ಎಲ್ಲೇ ಹಳದಿ ಕಾಲಿನ ಕೋಳಿ ಕಂಡರೂ ಅದರಲ್ಲಿ ನಮ್ಮ ಕಡೆಯ ಕಾಡಿನ ಒಂದು ಚೂರು ಇದೆ.

ಮಾಂಡೌಸ್ ಬಂದ ವಾರ

2022ರ ಡಿಸೆಂಬರ್ ಮೊದಲ ವಾರ ನಮ್ಮ ಕಪ್ಪು ಹೇಂಟೆ ಒಂಬತ್ತು ಪಿಳ್ಳೆ ಎಬ್ಬಿಸಿತು. ಮೊಮ್ಮಗಳು ರಜೆಗೆ ಇಲ್ಲೇ ಇದ್ದಳು. ಸರಿಯಾಗಿ ಆಗಲೇ ಬಂಗಾಳಕೊಲ್ಲಿಯಲ್ಲಿ ಮಾಂಡೌಸ್ ಚಂಡಮಾರುತ ಎದ್ದು, ಮಹಾಬಲಿಪುರದ ಹತ್ತಿರ ದಡ ಮುಟ್ಟಿತು. ಚಂಡಮಾರುತ ತಮಿಳುನಾಡಿಗೆ, ಅದರ ಜಿಟಿಜಿಟಿ ಮಳೆ ನಮಗೆ. ಸೂರ್ಯನ ಮುಖ ಕಾಣಲಿಲ್ಲ. ಹಗಲೂ ರಾತ್ರಿಯ ಹಾಗೇ ತಣ್ಣಗೆ. ನಾನು ಹೇಳಿದೆನಲ್ಲ, ಮೈಸೂರಿನ ಚಳಿಯನ್ನು ಮಧ್ಯಾಹ್ನದ ಬಿಸಿಲು ತೊಳೆದುಬಿಡುತ್ತದೆ. ಆ ವಾರ ಬಿಸಿಲೇ ಇಲ್ಲ.

ಹುಟ್ಟಿದ ಪಿಳ್ಳೆಗೆ ಮೈ ಶಾಖ ಕಾಯ್ದುಕೊಳ್ಳಲು ಬರುವುದಿಲ್ಲ. ಅದರ ಮೈಮೇಲಿರುವುದು ಬರೀ ತುಪ್ಪಳ, ಗರಿಯಲ್ಲ. ಮೊದಲ ವಾರ ಸುತ್ತಲ ಶಾಖ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬಹುದು. ತಾಯಿಯ ರೆಕ್ಕೆಯಡಿ ಅಷ್ಟು ಶಾಖ ಸಿಗುತ್ತದೆ. ಆದರೆ ಪಿಳ್ಳೆಗಳು ಮೇಯಲು ಹೊರಗೆ ಬರುತ್ತವೆ, ಒದ್ದೆಯಾಗುತ್ತವೆ, ಒದ್ದೆ ಮೈಯಲ್ಲಿ ತಾಯಿಯ ಕೆಳಗೆ ನುಗ್ಗಿ ಅವಳ ಹೊಟ್ಟೆಯನ್ನೂ ಒದ್ದೆ ಮಾಡುತ್ತವೆ. ಹಿಂದೆ ಅರವತ್ತು ವಾಟ್‌ನ ಗಾಜಿನ ಬಲ್ಬು ತೂಗುಹಾಕಿದರೆ ಸಾಕಾಗಿತ್ತು. ಈಗ ಮನೆಯಲ್ಲೆಲ್ಲ ಎಲ್‌ಇಡಿ. ಕರೆಂಟು ಉಳಿತಾಯ ನಿಜ, ಅದರಿಂದ ಬೆಳಕು ಬರುತ್ತದೆಯೇ ಹೊರತು ಕಾವು ಬರುವುದಿಲ್ಲ. ಹಳೆಯ ಬಲ್ಬು ಹುಡುಕಿ ಮೂರು ಅಂಗಡಿ ಅಲೆದೆ. ಸಿಕ್ಕಿತು. ಹಚ್ಚಿದ ರಾತ್ರಿಯೇ ಕರೆಂಟು ಹೋಯಿತು.

ಮೊಮ್ಮಗಳು ಟಾರ್ಚು ಹಿಡಿದಿದ್ದಳು. ನನ್ನ ಹೆಂಡತಿ ಕೊಡೆ ಹಿಡಿದು ಹಳೇ ಊರಿಗೆ ಹೋಗಿ ಅಜ್ಜಿಯನ್ನೇ ಕರೆತಂದಳು. ಅವರು ಬಂದವರೇ, ‘ನೆಲದಿಂದ ಎತ್ತಿ ಮೊದ್ಲು’ ಎಂದರು. ಜಗುಲಿಯ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಎರಡು ಮಡಿಕೆ ಗೋಣಿ, ಅದರ ಮೇಲೆ ಒಣ ಹೊಟ್ಟು. ತಾಯಿಯನ್ನೂ ಪಿಳ್ಳೆಗಳನ್ನೂ ಹಳೇ ಸೀರೆಯಿಂದ ಒರೆಸಿ ಅಲ್ಲಿಟ್ಟು ತಮ್ಮ ಮನೆಯಿಂದ ತಂದಿದ್ದ ಬಿದಿರಿನ ಮಂಕರಿ ಮುಚ್ಚಿದರು. ಮಂಕರಿಯ ಮೇಲೆ ಅರ್ಧಕ್ಕೆ ಮಾತ್ರ ಕಂಬಳಿ, ಉಳಿದರ್ಧ ಉಸಿರಾಟಕ್ಕೆ. ಕೆಂಡದ ಬಾಂಡಲಿ ಇಡೋಣವೇ ಎಂದರೆ, ‘ಹೊಗೆ ಕುಡಿಸಿ ಸಾಯಿಸ್ತೀರಾ?’ ಎಂದು ಗದರಿದರು. ಬಿಸಿನೀರು ತುಂಬಿದ ಎರಡು ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಇಡಿಸಿದರು. ಎರಡು ಗಂಟೆಗೊಮ್ಮೆ ನೀರು ಬದಲಾಯಿಸುವ ಪಾಳಿ ನನ್ನದು. ವರ್ಷದ ಕೊನೆಯ ಲೆಕ್ಕ ಮುಗಿಸಲು ಮಾರ್ಚ್ 31ರ ರಾತ್ರಿ ಬ್ಯಾಂಕಿನಲ್ಲಿ ಎಚ್ಚರವಿದ್ದವನಿಗೆ ಅದೇನು ಹೊಸದಲ್ಲ.

ಬೆಳಗಾಗುವಷ್ಟರಲ್ಲಿ ಒಂದು ಹೋಗಿತ್ತು. ಮರುದಿನ ಇನ್ನೊಂದು. ಮೊಮ್ಮಗಳು ಅಳಲಿಲ್ಲ, ಊಟ ಮಾಡಲಿಲ್ಲ. ಎರಡನ್ನೂ ಕರಿಬೇವಿನ ಗಿಡದ ಪಕ್ಕ ಹೂಳುವಾಗ, ‘ಅಜ್ಜೀ, ಇವೆರಡೇ ಯಾಕೆ?’ ಎಂದು ಕೇಳಿದಳು. ಅಜ್ಜಿ ಅವಳ ತಲೆ ಸವರಿ, ‘ಅವು ನಿತ್ರಾಣವಾಗಿದ್ವು ಕಣವ್ವ. ಬಾ, ಉಳುದೋವಕ್ಕೆ ನುಚ್ಚು ಹಾಕನ’ ಎಂದು ಕರೆದುಕೊಂಡು ಹೋದರು. ಐದನೆಯ ದಿನ ಬಿಸಿಲು ಬಂತು. ಏಳು ಉಳಿದವು.

ಕೆರೆಯ ಕಡೆಯ ಆತಂಕ

ಈಗ ಕೆರೆಯ ಮಾತಿಗೆ ಬರುತ್ತೇನೆ. ಚಳಿಗಾಲದಲ್ಲಿ ಬರುವ ನೀರುಹಕ್ಕಿಗಳ ಜೊತೆ ಕೆಲವು ಸಲ ಹಕ್ಕಿಜ್ವರದ ವೈರಾಣುವೂ ಬರುತ್ತದೆ. ತಣ್ಣನೆಯ ನೀರಿನಲ್ಲಿ ಅದು ಹೆಚ್ಚು ದಿನ ಬದುಕುತ್ತದೆ. ಕಾಡುಬಾತು ಕಾಯಿಲೆ ಬೀಳದೆಯೂ ಅದನ್ನು ಹೊತ್ತು ತರಬಹುದು, ಕೋಳಿಗೆ ತಗುಲಿದರೆ ಎರಡು ಮೂರು ದಿನದಲ್ಲಿ ಗೂಡು ಖಾಲಿ. ಭಾರತದಲ್ಲಿ ಇದು ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಗೇ ಬಂತು. 2017ರ ಜನವರಿಯಲ್ಲಿ ಇದೇ ಕಾರಣಕ್ಕೆ ಮೈಸೂರು ಮೃಗಾಲಯವನ್ನು ಒಂದು ತಿಂಗಳು ಮುಚ್ಚಿದ್ದರು.

2020ರ ಮಾರ್ಚ್ ಮಧ್ಯದಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕೋಳಿಗಳು ಸತ್ತವು. ಭೋಪಾಲದ ಪ್ರಯೋಗಾಲಯ ಹಕ್ಕಿಜ್ವರವೆಂದು ಖಚಿತಪಡಿಸಿತು. ನಿಯಮದ ಪ್ರಕಾರ ಒಂದು ಕಿಲೋಮೀಟರ್ ಸುತ್ತಳತೆಯೊಳಗಿನ ಎಲ್ಲ ಕೋಳಿಗಳನ್ನೂ ಕೊಲ್ಲಬೇಕು, ಹತ್ತು ಕಿಲೋಮೀಟರ್‌ವರೆಗೆ ನಿಗಾ. ಹತ್ತು ಕಿಲೋಮೀಟರ್ ಎಂದರೆ ಹೆಚ್ಚು ಕಡಿಮೆ ಇಡೀ ಮೈಸೂರು. ಕುಂಬಾರಕೊಪ್ಪಲು ನಗರದ ಆ ತುದಿ, ನಾವು ಈ ತುದಿ. ನಮ್ಮ ಕೋಳಿಗಳನ್ನು ಗೂಡಿನಿಂದ ಬಿಡಲಿಲ್ಲ. ಗೂಡಿಗೆ ಬಲೆ, ಬಾಗಿಲಲ್ಲಿ ಸುಣ್ಣದ ಪುಡಿ, ಗೂಡಿಗೆಂದೇ ಬೇರೆ ಜೊತೆ ಚಪ್ಪಲಿ. ಪ್ರತಿದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಳಗೆ ಸದ್ದಿದೆಯೇ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ.

ಅಲ್ಲಿ ನನ್ನ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರ ಮನೆ. ಹನ್ನೆರಡು ನಾಟಿ ಕೋಳಿ ಇದ್ದವು, ಎಲ್ಲವೂ ಆರೋಗ್ಯವಾಗಿದ್ದವು. ಬಿಳಿ ಅಂಗಿ, ಕನ್ನಡಕ, ಮುಖಗವಸು ಹಾಕಿದ ಸಿಬ್ಬಂದಿ ಬಂದು ತೆಗೆದುಕೊಂಡು ಹೋದರು. ಸರ್ಕಾರದ ಪರಿಹಾರ ಉಂಟು, ಮಾಡಿದ್ದೂ ಊರಿನ ಒಳ್ಳೆಯದಕ್ಕೇ. ಇದು ಗೆಳೆಯರಿಗೂ ಗೊತ್ತಿತ್ತು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: ‘ಕೋಳಿಗೆ ಹೆಸರು ಇಡಬೇಡಿ ಅಂತ ಮೊಮ್ಮಕ್ಕಳಿಗೆ ಹೇಳಿದ್ದೆ ಕಣಯ್ಯ. ಅವು ಇಟ್ಟುಬಿಟ್ಟಿದ್ದವು.’ ಮುಂದಿನ ವಾರ ದೇಶವೇ ಲಾಕ್‌ಡೌನ್ ಆಯಿತು. ನಾವು ಭೇಟಿಯಾದದ್ದು ಆ ವರ್ಷದ ಕೊನೆಗೆ. ನಮ್ಮ ಗೂಡಿನ ನಾಲ್ಕು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ನಾನೇ ಬಸ್ಸಿನಲ್ಲಿ ಹೋಗಿ ಕೊಟ್ಟುಬಂದೆ. ಮೊಮ್ಮಕ್ಕಳು ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಕಾಫಿ ಕುಡಿಯುವಷ್ಟರಲ್ಲಿ ನಾಲ್ಕಕ್ಕೂ ಹೆಸರು ಬಿದ್ದಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಚಳಿಗಾಲಕ್ಕೆ ಕೆಲವು ಕಟ್ಟಳೆಗಳಿವೆ. ಕೋಳಿಯನ್ನು ಕೆರೆ ಕಡೆ ಬಿಡುವುದಿಲ್ಲ. ಕೆರೆಯ ಸುತ್ತು ಮುಗಿಸಿ ಬಂದ ಚಪ್ಪಲಿಯಲ್ಲಿ ಗೂಡಿಗೆ ಹೋಗುವುದಿಲ್ಲ. ನೀರಿನ ಬಟ್ಟಲನ್ನು ಕಾಡುಹಕ್ಕಿ ಬಂದು ಕುಡಿಯುವಂತೆ ಬಯಲಲ್ಲಿ ಇಡುವುದಿಲ್ಲ. ಸತ್ತ ಹಕ್ಕಿ ಕಂಡರೆ ಕೈಯಿಂದ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸುತ್ತೇವೆ. ಕೋಳಿ ಮುಟ್ಟಿದ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಬೇಕು. ಮೊಟ್ಟೆ ಪೂರ್ತಿ ಬೇಯಬೇಕು, ಎಪ್ಪತ್ತು ಡಿಗ್ರಿ ದಾಟಿದರೆ ವೈರಾಣು ಉಳಿಯುವುದಿಲ್ಲ. ಇಷ್ಟನ್ನು ಪಾಲಿಸಿದರೆ ಹಕ್ಕಿಗಳನ್ನು ನೋಡಲು ಹೆದರಬೇಕಾಗಿಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನಾನು ಪ್ರತಿ ಜನವರಿ ನೋಡಿ ಬರುತ್ತೇನೆ. ಬಂದು ಚಪ್ಪಲಿ ತೊಳೆಯುತ್ತೇನೆ.

ಲೆಕ್ಕ ಕೊಡಬೇಕಲ್ಲ

ಗುಮಾಸ್ತನಾದವನು ಲೆಕ್ಕ ಕೊಡದೆ ಲೇಖನ ಮುಗಿಸಬಾರದು. ಎಂಟು ನಾಟಿ ಹೇಂಟೆ, ತಲಾ ವರ್ಷಕ್ಕೆ ಅರವತ್ತರಂತೆ 480 ಮೊಟ್ಟೆ. ಹನ್ನೆರಡು ರೂಪಾಯಿಯಂತೆ 5,760. ದಿನಕ್ಕೆ ಒಂದು ಕೋಳಿಗೆ ಕೊಂಡು ಹಾಕುವ ಕಾಳು 70 ಗ್ರಾಂ, ಉಳಿದದ್ದು ಅಡುಗೆಮನೆಯ ಸೊಪ್ಪು ಸದೆ, ಹುಳು ಹುಪ್ಪಟೆ. ವರ್ಷಕ್ಕೆ 204 ಕಿಲೋ, ಕಿಲೋಗೆ 28 ರೂಪಾಯಿಯಂತೆ 5,712. ಉಳಿತಾಯ 48 ರೂಪಾಯಿ. ಲಸಿಕೆ, ಹೊಟ್ಟು, ಗೋಣಿಚೀಲ ಸೇರಿಸಿದರೆ ನಷ್ಟ. ದುಡ್ಡಿಗಾಗಿ ಸಾಕುವವರು ನಾಟಿಗಿಂತ ಹೆಚ್ಚು ಮೊಟ್ಟೆಯಿಡುವ ಗಿರಿರಾಜ ತಳಿಯನ್ನು ನೋಡಬಹುದು. ಬೆಂಗಳೂರು ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆಂದೇ ಬೆಳೆಸಿದ ತಳಿ ಅದು. ನನ್ನ ಹೆಂಡತಿ ಈ ಲೆಕ್ಕವನ್ನು ಒಪ್ಪುವುದಿಲ್ಲ. ‘ನಿಮ್ಮ ಶುಗರು ಕಡಿಮೆಯಾದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆದಿರಿ?’ ಎನ್ನುತ್ತಾಳೆ. ಅದಕ್ಕೆ ನನ್ನ ಲೆಡ್ಜರಿನಲ್ಲಿ ಜಾಗವಿಲ್ಲ.

ಅಜ್ಜಿ ಕಳೆದ ವರ್ಷ ತೀರಿಕೊಂಡರು. ಅವರ ಹೆಂಚಿನ ಮನೆ ಇದ್ದಲ್ಲಿ ಈಗ ಕಂಬಿ ಕಟ್ಟಿ ಕಾಂಕ್ರೀಟ್ ಹಾಕುತ್ತಿದ್ದಾರೆ. ತಿಥಿಯ ದಿನ ಅವರ ಸೊಸೆ ಒಳಗಿನಿಂದ ಆ ಬಿದಿರಿನ ಮಂಕರಿ ತಂದು, ‘ನಾವು ಕೋಳಿ ಬಿಟ್ಟೋ ಅಣ್ಣ. ಇದು ನಿಮ್ಮನೇಲೇ ಇರ್ಲಿ’ ಎಂದು ಕೊಟ್ಟರು. ಒಂದು ಕಡೆ ಮುರಿದಿತ್ತು, ತಂತಿ ಹಾಕಿ ಬಿಗಿದಿದ್ದೇನೆ.

ಈ ಜನವರಿಯಲ್ಲಿ ಕಪ್ಪು ಹೇಂಟೆಯ ಮಗಳು ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿದೆ. ಇಪ್ಪತ್ತೊಂದು ದಿನದ ಲೆಕ್ಕ, ಇವತ್ತಿಗೆ ಹದಿನಾಲ್ಕು. ಸಂಕ್ರಾಂತಿಯ ಹೊತ್ತಿಗೆ ಒಡೆಯಬೇಕು. ಹಲಗೆ, ಗೋಣಿ, ಒಣ ಹೊಟ್ಟು, ಎರಡು ಸೀಸೆ ಎಲ್ಲ ಜಗುಲಿಯ ಮೇಲೆ ಸಿದ್ಧವಾಗಿವೆ. ಲಿಂಗಾಂಬುಧಿ ಕೆರೆಗೆ ಹಕ್ಕಿ ನೋಡಲು ಬರುವ ಮಕ್ಕಳು ಹಳೇ ಊರಿನ ಬೀದಿ ಹಿಡಿದು ಬಂದರೆ ನಮ್ಮ ಹುಂಜದ ಕೂಗು ಕೇಳಿಸುತ್ತದೆ, ದಾರಿ ಕೇಳಬೇಕಾಗಿಲ್ಲ. ಬರುವಾಗ ಒಂದು ಹಿಡಿ ರಾಗಿ ತನ್ನಿ. ಚಪ್ಪಲಿ ಮಾತ್ರ ಗೇಟಿನ ಹೊರಗೇ ಬಿಡಬೇಕು.